ಅತ್ತರ್ ಸೈಫುದ್ದೀನನ ಹೆಂಡತಿ ತರಿಸಿದ ಸೆಂಟು

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಕೌಸರ್ ಎಂದು ಕೇಳಿದರೆ ಯಾರೂ ಮನೆ ತೋರಿಸುವುದಿಲ್ಲ. ಅತ್ತರ್ ಸೈಫುದ್ದೀನನ ಹೆಂಡತಿ ಎನ್ನಬೇಕು. ಹಾಗೆಂದ ಕೂಡಲೇ ಕೇಳಿಸಿಕೊಂಡವರ ಮುಖ ಒಂದು ನಮೂನೆ ಆಗುತ್ತದೆ. ಕುರುಗೋಡಿನ ಆ ಸಾವಿನ ಮನೆಯಲ್ಲಿ ನಡೆದದ್ದು ಎಲ್ಲರಿಗೂ ಗೊತ್ತು. ಗೊತ್ತಿರುವುದು ಅರ್ಧ ಮಾತ್ರ. ಉಳಿದರ್ಧ ಈ ಹೆಂಗಸಿನ ಹೊಟ್ಟೆಯಲ್ಲಿ ಉಳಿದುಬಿಟ್ಟಿದೆ.

ಕೌಸರ್ ಸಿರುಗುಪ್ಪದವಳು. ಅಪ್ಪ ಅಕ್ಕಿ ಗಿರಣಿಯಲ್ಲಿ ಭತ್ತ ಬೇಯಿಸುವ ಕೆಲಸದವನು. ಹುಟ್ಟಿದಾಗಿನಿಂದ ಆಕೆಯ ಮೂಗಿಗೆ ಗೊತ್ತಿದ್ದದ್ದು ಬೆಂದ ಭತ್ತದ ಹುಳಿ ಹಬೆ ಮತ್ತು ಹೊಟ್ಟಿನ ಧೂಳು. ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಸಂಜೆ ಸೈಫುದ್ದೀನ್ ಅಂಗಡಿಯಿಂದ ಬಂದವನೇ ಹತ್ತಿಯ ಚೂರಿಗೆ ಅತ್ತರು ತಾಗಿಸಿ, ಅವಳ ಕಿವಿಯ ಮಡಿಕೆಯಲ್ಲಿ ಸಿಕ್ಕಿಸಿ, "ಏನಿದು ಹೇಳು ನೋಡೋಣು" ಅಂದ. ಅವಳು ಬಹಳ ಯೋಚನೆ ಮಾಡಿ, "ಸಾಬೂನು" ಅಂದಳು. ಗಂಡ ಗೋಡೆ ಹಿಡಿದುಕೊಂಡು ನಕ್ಕ. ಅಷ್ಟು ನಗುವ ಗಂಡಸನ್ನು ಅವಳು ಅಲ್ಲಿಯವರೆಗೆ ನೋಡಿರಲಿಲ್ಲ. ಅದೇ ಗಳಿಗೆಯಲ್ಲಿ ಅವಳಿಗೆ ಅವನು ಇಷ್ಟವಾಗಿಬಿಟ್ಟ.

ಅಂದಿನಿಂದ ಅದು ಮನೆಯ ಆಟ. ಬಂದ, ಹತ್ತಿ ಸಿಕ್ಕಿಸಿದ, ಕೇಳಿದ. ತಪ್ಪು ಹೇಳಿದರೆ ಗೇಲಿ, ಸರಿ ಹೇಳಿದರೆ "ಅಬ್ಬಾ, ಸಾಬೂನಿನ ರಾಣಿ!" ಎಂದು ಇನ್ನೂ ಗೇಲಿ. "ಹಚ್ಚಿದ ಕೂಡ್ಲೆ ಬರೋದು ಬರೇ ಆಡಂಬರ. ಪಾತ್ರಿ ತೊಳ್ಕೊಂಡು ಬಾ, ಆಮ್ಯಾಲೆ ಉಳಿತದಲ್ಲ, ಅದು ಖರೇ ಅತ್ತರು" ಎಂದು ಕಲಿಸಿದವನೂ ಅವನೇ. ಅಂಗಡಿಯಲ್ಲೂ ಅವನದು ಅದೇ ಪದ್ಧತಿ. ಗಿರಾಕಿಯ ಮುಂಗೈಗೆ ಒಂದು ಗೆರೆ ಎಳೆದು, ಬಜಾರು ಸುತ್ತಿ ಬರ್ರಿ ಎಂದು ಕಳಿಸುತ್ತಿದ್ದ. ಅವನ ಮೂಗೋ, ಏನು ಹೇಳುವುದು! ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಒಗ್ಗರಣೆಗೆ ಕರಿಬೇವು ಹಾಕಿಲ್ಲ ಎಂದು ಹೇಳಿಬಿಡುತ್ತಿದ್ದ. "ನಮ್ದು ಮೂಗಿನ ಮನಿತನ" ಎಂದು ಅಜ್ಜನ ಕಾಲದಿಂದ ಬಂದ ಜಂಬ ಬೇರೆ. ಬಾಟಲಿಯ ಸೆಂಟು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. "ಅದರಾಗ ಸಾರಾಯಿ ಐತಿ. ನಮಾಜಿಗೆ ಹೋಗೋ ಮೈಗೆ ಹಚ್ಚೋದಲ್ಲ ಅದು" ಎನ್ನುತ್ತಿದ್ದ.

ಆಮೇಲೆ ಗಣಿ ಬಂತು. ಬಳ್ಳಾರಿಗೆ ಏನೇನು ಬಂತೋ ಬಿಡಿ, ಆ ಕಥೆ ಹೇಳಲು ಬೇರೆಯವರಿದ್ದಾರೆ. ಸೈಫುದ್ದೀನನಿಗೆ ಬಂದದ್ದು ಗಿರಾಕಿ. ಸಂಡೂರಿನ ಕಡೆಯ ಸಂತೆಗಳಲ್ಲಿ ಅತ್ತರು ಶೀಶೆಗಟ್ಟಲೆ ಹೋಗುತ್ತದೆ ಎಂದು ಮೊಪೆಡ್ಡಿಗೆ ಪೆಟ್ಟಿಗೆ ಕಟ್ಟಿಕೊಂಡು ಹೊರಟ. ಮುಂದೆ ಅದಿರಿನ ಲಾರಿ, ಹಿಂದೆ ಅದಿರಿನ ಲಾರಿ, ನಡುವೆ ಇವನು. ಮನೆಗೆ ಬರುವಾಗ ಹುಬ್ಬು ಮೀಸೆ ಎಲ್ಲ ಕೆಂಪಾಗಿರುತ್ತಿತ್ತು. ಕರವಸ್ತ್ರ ಕೊಡವಿದರೆ ನೆಲದ ಮೇಲೆ ಕುಂಕುಮ ಚೆಲ್ಲಿದಂತೆ. ಒಂದು ಚಳಿಗಾಲ ನೆಗಡಿ ಹತ್ತಿತು, ಜ್ವರ ಬಂತು, ಎರಡೂ ಹೋದವು. ಅದಾದ ಮೇಲೆ ಗಂಡನ ಬಾಯಿಯೂ ಕಟ್ಟಿತು. ಬರುತ್ತಿದ್ದ, ಉಣ್ಣುತ್ತಿದ್ದ, ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಹತ್ತಿಯಿಲ್ಲ, ಕಿವಿಯಿಲ್ಲ, ಗೇಲಿಯಿಲ್ಲ. ಸಾರು ಹೊತ್ತಿದ್ದರೂ ಮಾತಾಡದೆ ಉಂಡು ಏಳುತ್ತಿದ್ದ.

ಎರಡು ವರ್ಷ ಹೀಗೇ ನಡೆಯಿತು. ಕೌಸರ್ ಏನೆಂದುಕೊಳ್ಳಬೇಕು? ಪಕ್ಕದ ಮನೆಯ ಚನ್ನವೀರಮ್ಮ, "ಸಂಡೂರು ಕಡೆ ಈಗ ರೊಕ್ಕ ಹರಿತೈತಿ ಕೌಸರಕ್ಕ. ಎಂಥೆಂಥ ಹೆಂಗಸರು ಬಂದು ಇಳಿದಾರಂತ. ಗಂಡನ ಮ್ಯಾಲೆ ಒಂದು ಕಣ್ಣಿಡು" ಎಂದು ಬೆಂಕಿ ಹಚ್ಚಿ ಹೋದಳು. ಕೌಸರ್ ಒಪ್ಪಲಿಲ್ಲ. ಆದರೆ ಮಾತು ಒಳಗೆ ಇಳಿದಿತ್ತು. ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡಳು. ನನ್ನ ಮೇಲೆ ಬೇಸರ ಬಂದಿದೆ, ಅಷ್ಟೇ ಎಂದು ತೀರ್ಮಾನಿಸಿ ಅತ್ತಳು. ಈ ಮನುಷ್ಯ ಒಮ್ಮೆ ತನ್ನ ಕಡೆ ತಿರುಗಿ ಏನಿದು ಎಂದು ಕೇಳಿದರೆ ಸಾಕು, ಅವಳಿಗೆ ಬೇರೇನೂ ಬೇಕಿರಲಿಲ್ಲ.

ಮಗಳು ಮುಸ್ಕಾನ್ ಕಂಟೋನ್ಮೆಂಟ್ ಕಡೆ ಒಂದು ಲಾರಿ ಸಾಗಣೆ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದಳು. ಎರಡು ಸಾವಿರದ ಹತ್ತರ ದೀಪಾವಳಿ ಕಳೆದ ಮೇಲೆ, ಆಫೀಸು ಖಾಲಿಯಿದ್ದ ಒಂದು ಭಾನುವಾರ ಅಮ್ಮನನ್ನು ಕರೆದೊಯ್ದು ಪರದೆಯ ಮುಂದೆ ಕೂರಿಸಿದಳು. ಸೀರೆ, ಬೂಟು, ಮಿಕ್ಸರ್ ಎಲ್ಲ ಅಲ್ಲೇ ಕೊಳ್ಳಬಹುದಂತೆ, ಮನೆಗೇ ತಂದುಕೊಡುತ್ತಾರಂತೆ. ಸೆಂಟಿನ ಪುಟ ತೆರೆದಾಗ ಕೌಸರ್ ಪರದೆಗೆ ಮುಖ ಹತ್ತಿರ ಒಯ್ದಳು. ಮಗಳು ಕಿಸಕ್ಕನೆ ನಕ್ಕಳು.

"ಮೂಸಾಕ ಬರಂಗಿಲ್ಲಮ್ಮಾ! ಓದಿ ತಿಳ್ಕಾಬೇಕು."

"ಓದಿದ್ರ ವಾಸನಿ ಬರ್ತದೇನು? ಹುಚ್ಚರ ವ್ಯಾಪಾರ ಇದು."

"ಕೇಳು. ಹಚ್ಚಿದ ಕೂಡ್ಲೆ ನಿಂಬಿ ಸಿಪ್ಪಿ. ಆಮ್ಯಾಲೆ ಮಲ್ಲಿಗಿ. ಕೊನಿಗೆ ಕಟ್ಟಿಗಿ ವಾಸನಿ, ತಾಸುಗಟ್ಲೆ ಇರ್ತದಂತ."

ಕೌಸರ್ ಕಣ್ಣು ಮುಚ್ಚಿ ನಿಂಬೆ ಸಿಪ್ಪೆ ಸುಲಿದಳು, ಅದರ ಮೇಲೆ ಮಲ್ಲಿಗೆ ಇಟ್ಟಳು, ಕಟ್ಟಿಗೆ ಯಾವುದೋ ತಿಳಿಯಲಿಲ್ಲ. ಇನ್ನೊಂದು ಓದು ಅಂದಳು. ಒಂದರಲ್ಲಿ ಏಲಕ್ಕಿ, ಒಂದರಲ್ಲಿ ಸಮುದ್ರದ ಗಾಳಿ. "ಸಮುದ್ರ ನಾ ಎಲ್ಲಿ ಕಂಡೀನಿ? ಕೆಂಚನಗುಡ್ಡದಾಗ ಹೊಳಿ ಕಂಡೀನಿ, ಅದು ಹಸಿ ಮಣ್ಣಿನ ವಾಸನಿ" ಎಂದು ಅದನ್ನು ಬಿಟ್ಟಳು. ಹೀಗೆ ಮಧ್ಯಾಹ್ನವೆಲ್ಲ ತಾಯಿ ಮಗಳು ಮೂಗಿನ ಕೆಲಸವನ್ನು ಕಿವಿಯಿಂದ ಮಾಡಿದರು. ಕೊನೆಗೆ ಕೊಂಡವರು ಬರೆದ ಮಾತುಗಳನ್ನು ಮುಸ್ಕಾನ್ ಓದತೊಡಗಿದಳು. ಬೇಗ ಹಾರಿಹೋಗುತ್ತದೆ ಎಂದು ಒಬ್ಬರು, ತಲೆನೋವು ಎಂದು ಇನ್ನೊಬ್ಬರು. ನಿಂಬೆ ಮಲ್ಲಿಗೆಯದರ ಕೆಳಗೆ ಪುಣೆಯ ಹೆಂಗಸೊಬ್ಬಳು ಬರೆದಿದ್ದಳು: ಬಾಗಿಲು ತೆರೆದ ಕೂಡಲೇ ನನ್ನ ಗಂಡ ಇದೇನು ಎಂದು ಕೇಳಿದ.

"ಇದನ್ನ ತರಿಸು" ಅಂದಳು ಕೌಸರ್.

"ಅಷ್ಟ ಸಾಕೇನಮ್ಮಾ?"

"ಸಾಕು. ತರಿಸು."

ಸೆಂಟು ಆಫೀಸಿನ ವಿಳಾಸಕ್ಕೆ ಬಂತು. ಮನೆಯಲ್ಲಿ ಇಡುವುದು ಹೇಗೆ? ಅತ್ತರಿನವನ ಹೆಂಡತಿ ಕಂಪ್ಯೂಟರಿನಲ್ಲಿ ಸೆಂಟು ತರಿಸಿದಳು ಎಂದರೆ ಮನೆಗೆ ಬೆಂಕಿ ಬಿದ್ದ ಹಾಗೆ. ಅಡುಗೆಮನೆಯ ಗೂಡಿನಲ್ಲಿ ಗಂಡ ಮನೆ ಬಳಕೆಗೆಂದು ಅತ್ತರಿನ ಶೀಶೆಗಳನ್ನು ಸಾಲಾಗಿ ಇಟ್ಟಿದ್ದ. ಸಾಲಿನ ತುದಿಯದು ಲಾವಂಚದ ಅತ್ತರು. ಅದು ತಳ ಕಂಡಿತ್ತು. ಕೌಸರ್ ಆ ಶೀಶೆಯನ್ನು ತೊಳೆದು ಒಣಗಿಸಿ, ಸೆಂಟನ್ನು ಅದಕ್ಕೆ ಇಳಿಸಿ, ಬಾಟಲಿ ಒಡೆದು ಎಸೆದಳು. ಶೀಶೆಯನ್ನು ಅಕ್ಕಿಯ ಡಬ್ಬಿಯಲ್ಲಿ ಹೂತಿಟ್ಟಳು.

ಮೊದಲು ತನ್ನ ಮೇಲೆ ಪರೀಕ್ಷೆ. ಗಂಡ ಕಲಿಸಿದ ಹಾಗೇ ಹತ್ತಿಯಲ್ಲಿ ಅದ್ದಿ ಕಿವಿಗೆ ಸಿಕ್ಕಿಸಿದಳು. ಸಾರಾಯಿ ಚುರ್ ಎಂದು ಸುಟ್ಟಿತು. "ಹಾಳಾದ್ದು!" ಎಂದು ಕಿತ್ತೆಸೆದು ಮಣಿಕಟ್ಟಿಗೆ ಹಚ್ಚಿಕೊಂಡಳು. ಪಾತ್ರೆ ತೊಳೆದಳು, ಬಟ್ಟೆ ಒಗೆದಳು, ಮತ್ತೆ ಮೂಸಿದಳು. ಇತ್ತು. ಪುಣೆಯವಳು ಸುಳ್ಳು ಹೇಳಿರಲಿಲ್ಲ. ಎಳೆಯ ಹುಡುಗಿಯ ಹಾಗೆ ಎದೆ ಹೊಡೆದುಕೊಂಡಿತು. ಸಂಜೆ ಕತ್ತಿಗೆ, ಮಣಿಕಟ್ಟಿಗೆ, ಸೆರಗಿಗೆ ಹಚ್ಚಿ, ಗಂಡನಿಗೆ ಬಡಿಸುವಾಗ ಬೇಕೆಂದೇ ಮೈಗೆ ಮೈ ತಾಗುವಷ್ಟು ಬಾಗಿದಳು.

"ಉಪ್ಪು ಕೊಡು" ಅಂದ ಸೈಫುದ್ದೀನ್.

ಮರುದಿನವೂ ಅಷ್ಟೇ. ಅದರ ಮರುದಿನ ಇನ್ನಷ್ಟು ಸುರಿದುಕೊಂಡಳು, ಚನ್ನವೀರಮ್ಮ ಗೋಡೆಯಾಚೆಯಿಂದಲೇ "ಏನಕ್ಕ, ಮದುವಿ ಮನಿ ಆಗೇತಲ್ಲ!" ಎಂದು ಕೂಗಿದಳು. ಗಂಡ ಕೂಗಲಿಲ್ಲ. ಕೌಸರಳ ಸಿಟ್ಟು ನೆತ್ತಿಗೇರಿತು. ಇಷ್ಟು ಕಲ್ಲಾಗಿದ್ದಾನೆಯೇ ಈ ಮನುಷ್ಯ? ಬೇಸರವಾಗಿದ್ದರೆ ಆಗಲಿ, ಬೈಯಬಾರದೇ? ಇದು ಸೆಂಟು, ಸಾರಾಯಿ ಎಂದು ಕೂಗಾಡಬಾರದೇ?

ಆಮೇಲೆ ಹಾಲಿನದು ನಡೆಯಿತು. ಒಲೆಯ ಮೇಲೆ ಹಾಲಿಟ್ಟು ಅವಳು ನೀರು ಹಿಡಿಯಲು ಹೋಗಿದ್ದಳು. ಬರುವಷ್ಟರಲ್ಲಿ ಹಾಲು ಸೀದು ಓಣಿಯೆಲ್ಲ ಕಮರು ವಾಸನೆ. ಸೈಫುದ್ದೀನ್ ಒಲೆಗೆ ಬೆನ್ನು ಮಾಡಿ ಮಾರು ದೂರದಲ್ಲಿ ಪೇಪರು ಓದುತ್ತಿದ್ದ. ಹೊಗೆ ಕಣ್ಣಿಗೆ ಬಂದಾಗಲೇ ಅವನು ಗಾಬರಿಬಿದ್ದು ಎದ್ದದ್ದು. ಕೌಸರ್ ಪಾತ್ರೆ ಇಳಿಸದೆ ಗಂಡನ ಮುಖವನ್ನೇ ನೋಡುತ್ತ ನಿಂತಳು.

ಅಂದು ಸಂಜೆ ಬರೀ ನೀರಿನಲ್ಲಿ ಮೈ ತೊಳೆದಳು. ಸಾಬೂನು ಕೂಡ ಮುಟ್ಟಲಿಲ್ಲ. ಗಂಡನ ಮುಂದೆ ಮಣಿಕಟ್ಟು ಚಾಚಿ, "ಹೊಸಾದು ಹಚ್ಚೀನಿ. ಹೆಂಗೈತಿ ಹೇಳ್ರಿ" ಅಂದಳು. ಸೈಫುದ್ದೀನ್ ಗಿರಾಕಿಯ ಮುಂದೆ ಮಾಡುವಂತೆ ಕಣ್ಣು ಮುಚ್ಚಿದ, ನಿಧಾನ ಉಸಿರೆಳೆದ, ತಲೆದೂಗಿದ.

"ವಾಹ್. ಭಾಳ ಚಲೋ ಐತಿ."

ಕೌಸರ್ ಕೈ ಹಿಂದಕ್ಕೆಳೆದುಕೊಂಡು ಅಡುಗೆಮನೆಗೆ ಹೋದಳು. ಮೊದಲು ಬಂದದ್ದು ಸಂತೋಷ, ಸುಳ್ಳೇಕೆ ಹೇಳಬೇಕು! ನನ್ನ ಮೇಲೆ ಬೇಸರವಲ್ಲ, ಮೂಗು ಹೋಗಿದೆ, ಮೂಗು! ಮರುಗಳಿಗೆಗೆ ಆ ಸಂತೋಷದ ಮೇಲೆ ಅಸಹ್ಯವಾಯಿತು. ಅತ್ತರಿನವನ ಮೂಗು. ಎರಡು ವರ್ಷದಿಂದ ಗಿರಾಕಿಯ ಮುಖ ನೋಡಿ, ಶೀಶೆ ಇಟ್ಟ ಜಾಗ ನೋಡಿ ವ್ಯಾಪಾರ ಮಾಡುತ್ತಿದ್ದಾನೆ. ಹೆಂಡತಿಯ ಮುಂದೂ ಬಾಯಿ ಬಿಟ್ಟಿಲ್ಲ. ಪಾಪ, ಒಬ್ಬನೇ ಹೇಗೆ ಹೊತ್ತುಕೊಂಡು ತಿರುಗಿದನೋ. ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಕೇಳಿಬಿಡಬಹುದಿತ್ತು. ನಾನಾಗಿ ಕೇಳಿದರೆ ಅವನು ಕುಸಿದುಹೋಗುತ್ತಾನೆ, ಅವನಾಗಿ ಹೇಳಲಿ ಎಂದು ಸುಮ್ಮನಾದಳು. ಸೆಂಟಿನ ಆಸೆಯೂ ಸತ್ತಿತು. ಇನ್ನು ಬಚ್ಚಿಡುವುದು ಯಾರಿಂದ? ಅಕ್ಕಿಯ ಡಬ್ಬಿಯಿಂದ ಶೀಶೆ ತೆಗೆದು ಒರೆಸಿ, ಗೂಡಿನಲ್ಲಿ ಅದು ಮೊದಲಿದ್ದ ಜಾಗಕ್ಕೇ, ಸಾಲಿನ ತುದಿಗೇ ಇಟ್ಟಳು. ಕಣ್ಣಿಲ್ಲದವರ ಮನೆಯಲ್ಲಿ ಸಾಮಾನು ಸರಿಸಬಾರದು ಎಂಬುದು ಎಲ್ಲರಿಗೂ ಗೊತ್ತು. ಮೂಗಿಲ್ಲದವನ ಮನೆಯಲ್ಲಿ ಶೀಶೆಯೊಳಗಿನದ್ದನ್ನು ಬದಲಿಸಬಾರದು ಎಂದು ಅವಳಿಗೆ ಹೊಳೆಯಲಿಲ್ಲ.

ಕುರುಗೋಡಿನ ಖಲಂದರ್ ಸಾಬ್ ತೀರಿಕೊಂಡ ಸುದ್ದಿ ಒಂದು ಬೆಳಿಗ್ಗೆ ಬಂತು. ಗಾದಿ ಹೊಲಿಯುವ ಕಸುಬಿನವನು, ಸೈಫುದ್ದೀನನ ಬಾಲ್ಯದ ಗೆಳೆಯ. ಸೈಫುದ್ದೀನನಿಗೆ ಒಂದು ರೂಢಿಯಿತ್ತು. ತನ್ನವರು ಯಾರೇ ಸತ್ತರೂ, ಅವರು ಬದುಕಿದ್ದಾಗ ಯಾವ ಅತ್ತರು ಹಚ್ಚುತ್ತಿದ್ದರೋ ಅದನ್ನೇ ಕಫನಿಗೆ, ಶವಕ್ಕೆ ಸುತ್ತುವ ಬಿಳಿ ಬಟ್ಟೆಗೆ, ತನ್ನ ಕೈಯಾರೆ ಹಚ್ಚುತ್ತಿದ್ದ. ಖಲಂದರ್ ಲಾವಂಚದವನು. ಅವನ ಮಗ ಮುಸ್ತಾಕ್ ಕಳಿಸಿದ ಜೀಪು ಬಾಗಿಲಲ್ಲಿ ಹಾರ್ನು ಹಾಕುತ್ತಿತ್ತು. ಅಂಗಡಿಗೆ ಹೋಗಿ ಬರುವಷ್ಟು ಪುರಸೊತ್ತಿರಲಿಲ್ಲ. ಸೈಫುದ್ದೀನ್ ಗೂಡಿನ ತುದಿಯ ಶೀಶೆ ತೆಗೆದು ಜೇಬಿಗೆ ಹಾಕಿಕೊಂಡು ಹೊರಟುಹೋದ. ಕೌಸರ್ ಆಗ ಹಿತ್ತಲಲ್ಲಿ ನೀರು ಕಾಯಿಸುತ್ತಿದ್ದಳು. ಬುರ್ಖಾ ಹಾಕಿಕೊಂಡು ಬಸ್ಸು ಹಿಡಿದು ಅವಳು ತಲುಪುವ ಹೊತ್ತಿಗೆ ಶವಕ್ಕೆ ಸ್ನಾನವಾಗಿತ್ತು.

ಗಂಡಸರು ಅಂಗಳದಲ್ಲಿ, ಹೆಂಗಸರು ಪರದೆಯ ಹಿಂದೆ ಒಳಗೆ. ಖಲಂದರನ ಹೆಂಡತಿ ಮಾಬುಬೀಯ ಬೆನ್ನ ಮೇಲೆ ಕೈಯಿಟ್ಟು ಕೌಸರ್ ಕುಳಿತಿದ್ದಳು. ಊದಿನಕಡ್ಡಿ, ಕರ್ಪೂರ, ಅಳು. ಅಷ್ಟರಲ್ಲಿ ಕರ್ಪೂರದ ಮಧ್ಯದಿಂದ ಒಂದು ಎಳೆ ಬೇರೆಯದೇ ಬಂತು. ನಿಂಬೆ ಸಿಪ್ಪೆ.

ಯಾ ಅಲ್ಲಾ!

ಅವಳು ಎದ್ದು ಪರದೆಯ ಅಂಚಿಗೆ ಓಡಿದಳು. ಹಾಸಿದ ಬಿಳಿ ಬಟ್ಟೆಯ ಮುಂದೆ ಗಂಡ ಮಂಡಿಯೂರಿ ಕುಳಿತಿದ್ದ. ಶೀಶೆಯಿಂದ ಒಂದು ಹನಿ ಬೆರಳಿಗೆ ಬಿಟ್ಟುಕೊಂಡು, ಬೆರಳು ಬೆರಳಿಗೆ ಉಜ್ಜಿ ನೋಡುತ್ತ ತಡೆದ. ಆಗ ಕೂಗಬೇಕಿತ್ತು. ರೀ, ಅದಲ್ಲ, ಅದು ನನ್ನ ಸೆಂಟು ಎಂದರೆ ಸಾಕಿತ್ತು. ಬಾಯಿಗೆ ಬಂದೂ ಇತ್ತು. ಆದರೆ ಕೂಗಿದ ಮರುಗಳಿಗೆ ಅಂಗಳವೆಲ್ಲ ಏನು ಕೇಳುತ್ತದೆ? ಅತ್ತರಿನವನೇ, ನಿನ್ನ ಮೂಗಿಗೆ ಗೊತ್ತಾಗಲಿಲ್ಲವೇ ಎಂದು ಕೇಳುತ್ತದೆ. ಇಷ್ಟು ದಿನ ಹೆಂಡತಿಯಿಂದಲೂ ಮುಚ್ಚಿಟ್ಟದ್ದನ್ನು ಇಷ್ಟು ಗಂಡಸರ ಮುಂದೆ ತಾನೇ ಬಿಚ್ಚುವುದೇ? ಒಂದು ಹನಿ ತಾನೆ, ಕರ್ಪೂರದಲ್ಲಿ ಮುಚ್ಚಿಹೋಗಬಹುದು ಎಂದು ಅವಳು ಪರದೆ ಹಿಡಿದು ನಿಂತಳು. ಅವಳು ನೋಡುತ್ತಿದ್ದಂತೆ ಶೀಶೆ ಬಾಗಿತು. ತಲೆಯ ಕಡೆಯಿಂದ ಕಾಲಿನ ಕಡೆಗೆ ಅವನು ಅದನ್ನು ಪೂರ್ತಿ ಖಾಲಿ ಮಾಡಿದ, ಗೆಳೆಯನಿಗೆ ಕಡಿಮೆಯಾಗಬಾರದೆಂದು.

ಅಂಗಳವೆಲ್ಲ ಘಮ್ಮೆಂದಿತು. ಹಿರಿಯರು ಮುಖ ಮುಖ ನೋಡಿಕೊಂಡರು. ಸಾರಾಯಿ ಬೆರೆತದ್ದು ಕಫನಿಗೆ ತಾಗಬಾರದು ಎಂಬುದು ಅವರಲ್ಲಿ ಖಡಾಖಂಡಿತ ಮಾತು. ಮುಸ್ತಾಕ್ ಬಂದು ಶೀಶೆ ಕಿತ್ತುಕೊಂಡು ಮೂಸಿದ. ಅತ್ತು ಅತ್ತು ಅವನ ಕಣ್ಣು ಕೆಂಡವಾಗಿದ್ದವು.

"ಚಾಚಾ, ಏನಿದು? ಇದು ಸೆಂಟು. ಜಾತ್ರ್ಯಾಗ ಹುಡುಗರು ಹೊಡ್ಕೊಳೋ ಸೆಂಟು!"

ಸೈಫುದ್ದೀನ್ ಒದ್ದೆ ಬೆರಳನ್ನು ಮತ್ತೊಮ್ಮೆ ಉಜ್ಜಿ ನೋಡಿದ.

"ನಿಮಗ ಗೊತ್ತಾಗಲಿಲ್ಲೇನು? ನಿಮಗ?"

ಅವನು ಶೀಶೆಯನ್ನು ವಾಪಸು ತೆಗೆದುಕೊಂಡು ಮೂಗಿಗೆ ಹಿಡಿದ. ಎಲ್ಲರೂ ಕಾದರು. ಪರದೆಯ ಹಿಂದೆ ಕೌಸರ್, ನಿಜ ಹೇಳಿಬಿಡು, ಹೇಳಿಬಿಡು ಎಂದು ಮನಸ್ಸಿನಲ್ಲೇ ಗೋಗರೆದಳು.

"ಗೊತ್ತಿತ್ತು" ಅಂದ ಸೈಫುದ್ದೀನ್. "ಹೊಸಾ ಮಾಲು. ಚಲೋ ಐತಿ ಅಂತ ಗೊತ್ತಿದ್ದ ಹಾಕೀನಿ."

ಮೂಗಿಲ್ಲದವನು ಎನ್ನಿಸಿಕೊಳ್ಳುವುದಕ್ಕಿಂತ ಅವನಿಗೆ ಕೆಟ್ಟವನು ಎನ್ನಿಸಿಕೊಳ್ಳುವುದೇ ಹಗುರಾಯಿತು. ಮುಸ್ತಾಕ್ ಎದೆಗೆ ಕೈಹಾಕಿ ದಬ್ಬಿದ. ಯಾರೋ ಬಿಡಿಸಿದರು. ಆ ಬಟ್ಟೆಯನ್ನು ಸುತ್ತಿ ಮೂಲೆಗೆ ಎಸೆದು, ಬಜಾರಿನಿಂದ ಹೊಸ ಬಟ್ಟೆ ಬರುವವರೆಗೆ ಶವವನ್ನು ಹಾಗೇ ಕಾಯಿಸಿದರು. ಜನಾಜಾ ಎತ್ತುವಾಗ ಸೈಫುದ್ದೀನ್ ಹೆಗಲು ಕೊಡಲು ಮುಂದೆ ಬಂದ. ಒಬ್ಬ ಹಿರಿಯ ಬಾಯಿಬಿಡದೆ ಕೈ ಅಡ್ಡ ಹಿಡಿದ. ಗೆಳೆಯನ ಮೆರವಣಿಗೆ ಓಣಿ ತಿರುಗುವವರೆಗೂ ಅವನು ಬೇವಿನ ಮರದ ಕೆಳಗೆ ಒಬ್ಬನೇ ನಿಂತಿದ್ದ.

ಆಮೇಲೆ ಅಂಗಡಿ ನಡೆಯಲಿಲ್ಲ. ಸತ್ತವನಿಗೇ ಮೋಸ ಮಾಡಿದವನು ಬದುಕಿದ್ದವರನ್ನು ಬಿಡುತ್ತಾನೆಯೇ ಎಂದು ಜನ ಆಡಿಕೊಂಡರು, ಅತ್ತರಿಗೆ ಬೇರೆ ಕಡೆ ಹೋದರು. ಸೈಫುದ್ದೀನ್ ಅದಿರಿನ ಲಾರಿ ತೂಗುವ ಕಟ್ಟೆಯಲ್ಲಿ ಕಾವಲಿಗೆ ನಿಂತ. ಹೋದ ಮೂಗಿಗೆ ಧೂಳಿನ ಭಯವೇನು? ಅದೆಲ್ಲ ಮುಂದಿನ ಮಾತು. ಕೌಸರಳಿಗೆ ಇವತ್ತಿಗೂ ಬಿಡದೆ ಕಾಡುವುದು ಆ ಮಧ್ಯಾಹ್ನದ ಬಸ್ಸು.

ಕುರುಗೋಡಿನಿಂದ ಬಳ್ಳಾರಿಗೆ ಗಂಡ ಹೆಂಡತಿ ಒಂದೇ ಸೀಟಿನಲ್ಲಿ ಬಂದರು. ಊರು ಹಿಂದೆ ಬಿತ್ತು. ಆಮೇಲೆ ಸೈಫುದ್ದೀನ್ ಕಿಟಕಿಯ ಕಡೆ ನೋಡುತ್ತಲೇ ಕೇಳಿದ.

"ಆ ಶೀಶೆದಾಗಿದ್ದದ್ದು ನಿಂದೇನು?"

"ಹೌದ್ರಿ. ಮುಸ್ಕಾನ್ ಕಂಪ್ಯೂಟರಿನ್ಯಾಗ ತರಿಸಿಕೊಟ್ಲು."

"ಯಾರಿಗಂತ ಹಚ್ಕೊಂತಿದ್ದಿ?"

"ನಿಮಗ ರೀ. ಮತ್ಯಾರಿಗೆ ಹಚ್ಕೊಳ್ಳಿ? ನೀವು ಒಂದು ಮಾತು ಕೇಳಲಿ ಅಂತ."

ಅವನು ಸೀಟಿನ ಸರಳನ್ನು ಹಿಡಿದ ಕೈ ಬಿಗಿ ಮಾಡಿದ. "ಅಂದ್ರ, ನನ್ನ ಮೂಗಿಂದು ಗೊತ್ತಿತ್ತು ನಿನಗ."

"ಗೊತ್ತಾಗಿತ್ತು. ನೀವಾಗಿ ಹೇಳಲಿ ಅಂತ ಬಿಟ್ಟೆ."

"ಕೈಗೆ ಹತ್ತಿದ್ದು ನೀರಿನಂಗ ತೆಳ್ಳಗಿತ್ತು ಕೌಸರ್. ಅತ್ತರು ಹಂಗಿರಂಗಿಲ್ಲ. ಅನುಮಾನ ಬಂತು. ಆದ್ರ ಯಾರನ್ನ ಕೇಳ್ಲಿ? ಇದನ್ನೊಂದಿಷ್ಟು ಮೂಸಿ ನೋಡಪಾ ಅಂತ ನಾನು ಯಾರನ್ನ ಕೇಳ್ಲಿ?" ಅವನ ದನಿ ಒಡೆಯಿತು. ಮುಂದಿನ ಸೀಟಿನವರು ತಿರುಗಿ ನೋಡಿದರು. ಅವನು ತಡೆದು, ಸಣ್ಣ ದನಿಯಲ್ಲಿ ಮುಂದುವರಿಸಿದ. "ನೀನು ಪರದಿ ಹಿಂದ ಇದ್ದಿ. ನಿನಗ ಮೊದಲ್ನೇ ಹನಿಗೇ ಗೊತ್ತಾಗಿರ್ಬೇಕು."

"ಗೊತ್ತಾತು."

"ಮತ್ಯಾಕ ಕೂಗಲಿಲ್ಲ?"

ಕೇಳಿ, ಅವನು ಅವಳ ಕಡೆ ಪೂರ್ತಿ ತಿರುಗಿದ. ಸಿಟ್ಟಿರಲಿಲ್ಲ, ಬೈಗುಳವಿರಲಿಲ್ಲ. ಉತ್ತರ ಬೇಕಾಗಿತ್ತು, ಅಷ್ಟೇ. ಎರಡು ವರ್ಷದ ಮೇಲೆ ಅವನು ಹೀಗೆ ಮುಖ ಕೊಟ್ಟು ಒಂದು ಮಾತು ಕೇಳಿದ್ದ. ನಿಮ್ಮ ಮಾನ ಉಳಿಯಲಿ ಎಂದು ಸುಮ್ಮನಿದ್ದೆ ಅನ್ನಲು ಕೌಸರ್ ಬಾಯಿ ತೆರೆದಳು. ಗೆಳೆಯನ ಹೆಣಕ್ಕೆ ಹೆಗಲು ಕೊಡಲಾಗದೆ ಬಂದ ಗಂಡನ ಮುಂದೆ ಆ ಮಾತು ಹೊರಡಲಿಲ್ಲ. ಅವನು ಇನ್ನೂ ಸ್ವಲ್ಪ ಹೊತ್ತು ಕಾದು, ಕಿಟಕಿಯ ಕಡೆ ತಿರುಗಿಕೊಂಡ.